ಗಂಡು ಮೀನಿನ ಬಾಣಂತನ

ಮದುವೆಯೇ ಆಗದ ಗಂಡಸೊಬ್ಬ ಊರಿನ ಯಾವ ಸೂಲಗಿತ್ತಿಯೂ ಕಾಣದಷ್ಟು ಬಾಣಂತನಗಳನ್ನು ಮಾಡಿ ಮುಗಿಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಕೇಳಿರಲಾರಿರಿ. ನಾನು ಕಣ್ಣಾರೆ ಕಂಡಿದ್ದೇನೆ. ಆತ ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಅಜ್ಜಂಪುರದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ. ಅವನ ಬಾಣಂತಿಯರೆಲ್ಲ ಮೀನುಗಳು ಅನ್ನುವುದೊಂದು ಬಿಟ್ಟರೆ ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ಮೀನು ಅಂದ ಕೂಡಲೇ ನೀವು ಒಲೆ, ಬಾಣಲೆ ಅಂತ ಯೋಚಿಸಬೇಡಿ. ನಮ್ಮದು ಈರುಳ್ಳಿ ಹೆಚ್ಚುವಾಗಲೂ ದೇವರ ಕೋಣೆಯ ಬಾಗಿಲು ಹಾಕುವ ಮನೆತನ. ಮಾವ ಮೀನನ್ನು ತಿನ್ನುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ಗಾಜಿನ ತೊಟ್ಟಿಯಲ್ಲಿಟ್ಟು ಸಾಕುತ್ತಿದ್ದ, ಮರಿ ಮಾಡಿಸುತ್ತಿದ್ದ. ತಿನ್ನುವವನಾಗಿದ್ದರೆ ನೆಂಟರು ಒಂದು ಸಲ ಬೈದು ಸುಮ್ಮನಾಗುತ್ತಿದ್ದರೋ ಏನೋ! ತಿನ್ನದೆ, ಮಾರದೆ, ಸುಮ್ಮನೆ ನೋಡುತ್ತ ಕೂರುವುದಕ್ಕೆ ಯಾರಾದರೂ ಮೀನು ಸಾಕುತ್ತಾರೆಯೇ? ಈ ಪ್ರಶ್ನೆಗೆ ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಯಾರಿಗೂ ಉತ್ತರ ಸಿಗಲಿಲ್ಲ. ಆದ್ದರಿಂದ ಅವನಿಗೆ ತಲೆ ಸ್ವಲ್ಪ ಸಡಿಲ ಎಂದು ಎಲ್ಲರೂ ತೀರ್ಮಾನ ಮಾಡಿಕೊಂಡರು.

ಮೊದಲಿನಿಂದ ಹೇಳುವುದು ಒಳ್ಳೆಯದು. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಳು. ಅದು ಅವಳ ಎರಡನೆಯ ಹೆರಿಗೆ. ಮಗು ಉಳಿಯಲಿಲ್ಲ. ಪುಷ್ಯ ಮಾಸದ ಚಳಿ. ಕಡೂರಿನ ನಮ್ಮ ಮನೆಯ ನಡುಕೋಣೆಗೆ ಎಲ್ಲೆಲ್ಲಿಂದಲೋ ಗಾಳಿ ನುಗ್ಗುತ್ತಿತ್ತು. ಶೀತ ತಗುಲಿ ಬಾಣಂತಿಗೆ ಸನ್ನಿಯಾಯಿತು ಎಂದು ದೊಡ್ಡವರು ಹೇಳುತ್ತಿದ್ದರು. ಹೆರಿಗೆಗೆ ತವರಿಗೆ ಹೋಗಬೇಕಿತ್ತು, ಆದರೆ ಎಲ್ಲಿತ್ತು ತವರು? ಅಮ್ಮನ ತಂದೆ ತಾಯಿ ಆಗಲೇ ಹೋಗಿದ್ದರು. ಉಳಿದವನು ಈ ತಮ್ಮ. ನಾನು ಕರೆದುಕೊಂಡು ಹೋಗುತ್ತೇನೆ ಅಂದನಂತೆ. ಹೆಂಗಸರಿಲ್ಲದ ಮನೆಯಲ್ಲಿ ಬಾಣಂತನ ಮಾಡುವವರು ಯಾರು ಎಂದು ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದ್ದರಂತೆ. ಅವನೂ ಬಾಯಿ ಮುಚ್ಚಿಕೊಂಡನಂತೆ.

ಆಮೇಲೆ ಸ್ವಲ್ಪ ಕಾಲಕ್ಕೆ ಬೀರೂರಿನಲ್ಲಿದ್ದ ಗಾರ್ಡ್ ಸಾಹೇಬರೊಬ್ಬರು ದೂರದ ಊರಿಗೆ ವರ್ಗವಾಗಿ ಹೊರಟರು. ಅವರ ಹತ್ತಿರ ಒಂದು ಗಾಜಿನ ತೊಟ್ಟಿ, ಅದರಲ್ಲಿ ಬೆರಳುಗುರಿನಷ್ಟು ಗಾತ್ರದ ಬಣ್ಣದ ಮೀನುಗಳು ಇದ್ದವು. ಗಪ್ಪಿ ಅಂತ ಅವುಗಳ ಹೆಸರು. ಎಲ್ಲರನ್ನೂ ಕೇಳಿ, ಯಾರೂ ಒಪ್ಪದ ಮೇಲೆ, ತೊಟ್ಟಿಯನ್ನು ಗಾಡಿಯಲ್ಲಿ ತಂದು ಅಜ್ಜಂಪುರದಲ್ಲಿ ಮಾವನ ಕೈಗೆ ಕೊಟ್ಟು ಹೋದರು. ಮಾವ ಬೇಡ ಅನ್ನಲಿಲ್ಲ. ಅಜ್ಜಂಪುರದಲ್ಲಿ ಒಂದು ಗಾಡಿ ಹೋದ ಮೇಲೆ ಇನ್ನೊಂದು ಗಾಡಿ ಬರುವವರೆಗೆ ಪ್ಲಾಟ್‌ಫಾರಮ್ಮಿನಲ್ಲಿ ಹುಣಸೆ ಎಲೆ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಕ್ವಾರ್ಟರ್ಸಿಗೆ ಹೋದರೆ ಅಲ್ಲಿ ಇನ್ನೂ ನಿಶ್ಶಬ್ದ. ಅಂಥ ಕಡೆ ಕೊಟ್ಟಿದ್ದನ್ನು ಯಾರು ಬೇಡ ಅನ್ನುತ್ತಾರೆ ಹೇಳಿ.

ಆವತ್ತಿನಿಂದ ಮಾವನ ಊಟದ ಮಣೆ ತೊಟ್ಟಿಯ ಎದುರಿಗೆ ಬಂತು. ರಜೆಯಲ್ಲಿ ನಾನು ಹೋದಾಗ ಕಾರಣ ಕೇಳಿದೆ. "ಒಬ್ನೇ ಕೂತ್ರೆ ಅನ್ನ ಇಳಿಯಲ್ಲ ಕಣೇ. ಇವು ಬಾಯಿ ಆಡಿಸ್ತಾ ಇರ್ತವೆ ನೋಡು, ಎದುರಿಗೆ ಯಾರೋ ಉಣ್ತಾ ಇದಾರೆ ಅನ್ಸುತ್ತೆ" ಅಂದ. ನನಗೆ ನಗು ಬಂತು. ಕಡೂರಿನಲ್ಲಿ ಅಪ್ಪ ಕೋರ್ಟಿನಿಂದ ಬಂದು ಮಾತಿಲ್ಲದೆ ಉಣ್ಣುತ್ತಿದ್ದರು, ಅವರ ತಾಯಿ ನಮ್ಮ ಅಜ್ಜಿ ಒಪ್ಪೊತ್ತು ಮಾಡುತ್ತಿದ್ದರು, ನಾನು ಗೋಡೆ ನೋಡುತ್ತ ಉಣ್ಣುತ್ತಿದ್ದೆ. ಮೀನು ವಾಸಿ ಅನ್ನಿಸಿ ನನ್ನ ತಟ್ಟೆಯನ್ನೂ ಅಲ್ಲಿಗೇ ಎಳೆದುಕೊಂಡೆ.

ಮೊದಲ ಗಪ್ಪಿ ಮರಿ ಹಾಕಿದಾಗ ಮಾವ ಬೆಚ್ಚಿಬಿದ್ದ. ಈ ಜಾತಿ ಮೊಟ್ಟೆಯಿಡುವುದಿಲ್ಲ; ನೇರವಾಗಿ ಮರಿಯನ್ನೇ ಹೆರುತ್ತದೆ. ಹೆತ್ತ ಮೇಲೆ ಹಸಿವಾದರೆ ತನ್ನ ಮರಿಗಳನ್ನೇ ತಿಂದು ಮುಗಿಸುತ್ತದೆ. ಅದಕ್ಕೆ ಬಸುರಿಯನ್ನು ಬೇರೆ ಭರಣಿಯಲ್ಲಿಟ್ಟು, ಕೆರೆಯಿಂದ ಪಾಚಿಗಿಡ ತಂದು ತುಂಬಿ, ಹುಟ್ಟಿದ ಮರಿ ಅದರೊಳಗೆ ಅಡಗಿಕೊಳ್ಳುವ ಹಾಗೆ ಮಾಡಬೇಕು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಮಾವ ಅಲ್ಲಿಗೆ ನಿಲ್ಲಲಿಲ್ಲ. ಹೆರಿಗೆಯಾದ ಮೀನಿನ ಭರಣಿಗೆ ಕಂಬಳಿ ಸುತ್ತಿದ. ಬಾಯಿಗೆ ಬಟ್ಟೆ ಕಟ್ಟಿದ. ಕಿಟಕಿಯ ಸಂದಿಗೆಲ್ಲ ಹಳೆಯ ಟಿಕೆಟ್ಟಿನ ರಟ್ಟು ತುರುಕಿದ. ಮನೆಗೆ ಬಂದವರು ಮಾತಾಡುವ ಮೊದಲೇ, "ಬಾಗ್ಲು ಹಾಕ್ರೀ, ಶೀತ ಗಾಳಿ" ಎನ್ನುತ್ತಿದ್ದ. ಬಂದವರು ಕಂಬಳಿ ಸುತ್ತಿದ ಗುಪ್ಪೆಯನ್ನು ನೋಡಿ, ದನಿ ತಗ್ಗಿಸಿ, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಿದ್ದರು. ಹೆರಿಗೆಯಾಗಿದೆ ಎಂದು ಇವನು ಅಷ್ಟೇ ಗಂಭೀರವಾಗಿ ಹೇಳುತ್ತಿದ್ದ. ಒಬ್ಬಳು ಹೆಣ್ಣುಮಗಳು ಪಾಪ, ಮಾರನೆಯ ದಿನ ಬಾಣಂತಿಗೆಂದು ಮೆಣಸಿನ ಪುಡಿ ಕುಟ್ಟಿಕೊಂಡು ಬಂದಿದ್ದಳು!

ಇನ್ನು ಮೇವಿನ ವಿಷಯ. ಮೀನಿಗೆ ಸೊಳ್ಳೆಯ ಹುಳು ಅಂದರೆ ಹಬ್ಬದೂಟ. ಆಗ ನೋಡಿ, ನಮ್ಮ ಸೀಮೆಯಲ್ಲೆಲ್ಲ ಮಲೇರಿಯಾದವರು ಪಂಪು ಹೊತ್ತುಕೊಂಡು ಮನೆಮನೆಗೆ ಡಿಡಿಟಿ ಹೊಡೆಯುತ್ತ, ಗೋಡೆಯ ಮೇಲೆ ತಾರೀಖು ಬರೆಯುತ್ತ ಓಡಾಡುತ್ತಿದ್ದ ಕಾಲ. ದೇಶಕ್ಕೆ ದೇಶವೇ ಸೊಳ್ಳೆ ಕೊಲ್ಲಲು ಟೊಂಕ ಕಟ್ಟಿ ನಿಂತಿದ್ದರೆ ನನ್ನ ಮಾವನೊಬ್ಬ ಹಿತ್ತಿಲ ಬಾನಿಯಲ್ಲಿ ಸೊಳ್ಳೆ ಸಾಕುತ್ತಿದ್ದ! ಪಂಪಿನವನು ಬಾಗಿಲಿಗೆ ಬಂದರೆ ಮಾವ ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು ನಿಲ್ಲುತ್ತಿದ್ದ. ಆ ಔಷಧ ಒಂದು ಹನಿ ನೀರಿಗೆ ಬಿದ್ದರೂ ಮೀನು ಉಳಿಯುವುದಿಲ್ಲ. ಕೊನೆಗೆ ಇನ್ಸ್‌ಪೆಕ್ಟರರೇ ಬಂದರು. ಮಾವ ಅವರನ್ನು ಕೂರಿಸಿ, ಕಾಫಿ ಕೊಟ್ಟು, ತನ್ನ ಮೀನುಗಳು ಸೊಳ್ಳೆ ಹುಳುವನ್ನು ತಿಂದು ಅವರ ಇಲಾಖೆಯ ಕೆಲಸವನ್ನೇ ಸಂಬಳವಿಲ್ಲದೆ ಮಾಡುತ್ತಿವೆ ಎಂದು ವಿವರಿಸಿದ. ಹುಳು ಸಾಕುತ್ತಿರುವವರೂ ನೀವೇ ಅಲ್ಲವೇ ಎಂದು ಅವರು ಕೇಳಿದರು. "ಸಾಕೋದು ನಿಜ ಸಾರ್. ಆದ್ರೆ ನಮ್ಮನೇಲಿ ಹುಟ್ಟಿದ್ದು ಒಂದಾದ್ರೂ ರೆಕ್ಕೆ ಬಂದು ಹಾರಿದ್ರೆ ತೋರ್ಸಿ" ಅಂದ ಮಾವ. ಇನ್ಸ್‌ಪೆಕ್ಟರರು ತಮ್ಮ ಕುತ್ತಿಗೆಯ ಮೇಲೆ ಪಟ್ಟೆಂದು ಹೊಡೆದುಕೊಂಡು ಅಂಗೈಯನ್ನು ಅವನ ಮುಂದೆ ಚಾಚಿದರು. ಆ ಸಂಜೆಯೇ ಬಾನಿ ಬೋರಲಾಯಿತು.

ಹುಳು ಹೋದ ಮೇಲೆ ಮೊಟ್ಟೆ ಬಂತು. ಎಳೆಯ ಮರಿಗಳಿಗೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಅದ್ದಿದರೆ ಸಾಕು, ಅದೇ ಹಾಲು. ಆದರೆ ನಮ್ಮವರ ಮನೆಯಲ್ಲಿ ಮೊಟ್ಟೆ! ಪಕ್ಕದ ಕ್ವಾರ್ಟರ್ಸಿನಲ್ಲಿ ಪಾಯಿಂಟ್ಸ್‌ಮನ್ ಖಾದರ್ ಸಾಬರು ಇದ್ದರು. ಅವರ ಹೆಂಡತಿಯನ್ನು ಎಲ್ಲರೂ ಬೀಬಮ್ಮ ಎನ್ನುತ್ತಿದ್ದರು. ಆಕೆ ಕೋಳಿ ಸಾಕಿದ್ದರು. ಮೊಟ್ಟೆಯನ್ನು ತಮ್ಮ ಮನೆಯಲ್ಲೇ ಬೇಯಿಸಿ, ಹಳದಿ ಮೀನಿಗೆ, ಬಿಳಿ ಖಾದರ್ ಸಾಬರಿಗೆ ಎಂದು ಏರ್ಪಾಡು ಮಾಡಿದರು. ಇಷ್ಟು ಜೋಪಾನ ಮಾಡಿದರೂ, ಟಿಕೆಟ್ ಬಾಬು ಅಂಗೈಯಲ್ಲಿ ಏನೋ ಮುಚ್ಚಿಕೊಂಡು ಸಾಬರ ಮನೆಯಿಂದ ಬರುತ್ತಾನೆ ಅನ್ನುವ ಸುದ್ದಿ ಗಾಡಿಗಿಂತ ಬೇಗ ತರೀಕೆರೆ ತಲುಪಿತು.

ತರೀಕೆರೆಯಲ್ಲಿ ಆಗ ಮಾವನಿಗೆ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ಅಪ್ಪ, ಮಾವ, ನಾನು ಹೋಗಿ ಕೂತೆವು. ಹೆಣ್ಣಿನ ತಂದೆ ಉಪ್ಪಿಟ್ಟು ಕೊಟ್ಟು, ಕೆಮ್ಮಿ, ತಾವು ಮೊಟ್ಟೆ ತರಿಸುತ್ತೀರಂತೆ, ಹೌದೇ ಎಂದು ಕೇಳಿದರು. ಇಲ್ಲ ಅಂದರೆ ಮುಗಿಯುತ್ತಿತ್ತು. ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನನಗಲ್ಲ ಸ್ವಾಮಿ. ಮನೇಲಿ ಪುಟ್ಟ ಮಕ್ಕಳಿದಾವೆ, ಅವಕ್ಕೆ" ಅಂದ. ಆ ಉಪ್ಪಿಟ್ಟನ್ನು ನಮಗೆ ಪೂರ್ತಿ ತಿನ್ನಲಾಗಲಿಲ್ಲ.

ಅಲ್ಲಿಗೆ ಹೆಣ್ಣು ನೋಡುವುದು ನಿಂತಿತು. ಹಿರಿಯರೊಬ್ಬರು, ಅಕ್ಕನ ಮಗಳು ಬೆಳೆಯುತ್ತಿದ್ದಾಳಲ್ಲ, ಸ್ವಲ್ಪ ಕಾದರೆ ಆಯಿತು ಎಂದು ನನ್ನ ಕಡೆ ನೋಡಿ ನಕ್ಕರು. ನಮ್ಮಲ್ಲಿ ಅದೇನು ಹೊಸದಲ್ಲ. ಆದರೆ ಯಾವಾಗಲೂ ಮೆತ್ತಗೆ ಮಾತಾಡುವ ಮಾವ ಆವತ್ತು ಎದ್ದು ನಿಂತುಬಿಟ್ಟ. "ಅವಳು ನನ್ನ ಮಗಳು ಕಣ್ರೀ" ಅಂದ. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಬಸುರಿ ಗಪ್ಪಿಯನ್ನು ತವರಿಗೆ ಕರೆತಂದ ಕತೆಯನ್ನು ಹೇಳದಿದ್ದರೆ ನಮ್ಮ ಅಜ್ಜಿಗೆ ಅನ್ಯಾಯವಾಗುತ್ತದೆ. ಒಂದು ಮಾಗಿಯಲ್ಲಿ ಮಾವ ಭರಣಿಯನ್ನು ಶಾಲಿನೊಳಗೆ ಅವಚಿಕೊಂಡು, ಬೀರೂರು ದಾಟಿ, ಕಡೂರಿನ ನಮ್ಮ ಮನೆಗೆ ಬಂದಿಳಿದ. ಅಜ್ಜಂಪುರದಲ್ಲಿ ಚಳಿ ಹೆಚ್ಚು, ಇವಳಿಗೆ ದಿನ ತುಂಬಿದೆ, ಹೆರಿಗೆ ಇಲ್ಲೇ ಆಗಲಿ ಅಂದ. ಅವನು ಅಕ್ಕನಿಲ್ಲದ ಮನೆಗೆ ಕಾರಣವಿಲ್ಲದೆ ಬರಲು ಸಂಕೋಚಪಡುತ್ತಿದ್ದ ಎಂದು ನನಗೀಗ ಅನ್ನಿಸುತ್ತದೆ. ನನ್ನನ್ನು ನೋಡಬೇಕು ಎಂದು ಹೇಳಿದ್ದರೆ ಸಾಕಾಗಿತ್ತು. ಅದನ್ನು ಹೇಳಲಾರದೆ ಪಾಪದ ಮೀನನ್ನು ಗಾಡಿ ಹತ್ತಿಸಿದ.

ಮಾರನೆಯ ಬೆಳಿಗ್ಗೆ ಮೀನು ಹೆತ್ತಿತು. ಅಜ್ಜಿ ಕೈಯಲ್ಲಿದ್ದ ಹೂಬುಟ್ಟಿಯನ್ನು ಕೆಳಗಿಟ್ಟರು. ಮನೆಯಲ್ಲಿ ಹೆರಿಗೆಯಾಗಿದೆ, ಪುರುಡು ಬಂತೋ ಇಲ್ಲವೋ? ದೇವರಿಗೆ ದೀಪ ಹಚ್ಚಬಹುದೋ ಬಾರದೋ? ಅಪ್ಪ ನಕ್ಕರು, ಅಜ್ಜಿ ನಗಲಿಲ್ಲ. ಪುರೋಹಿತರಿಗೆ ಹೇಳಿಕಳಿಸಿದರು. ಅವರು ಬಂದು, ಭರಣಿಯೊಳಗೆ ಬಗ್ಗಿ ನೋಡಿ, ಪುರುಡು ಏನಿದ್ದರೂ ಸಗೋತ್ರದವರಿಗೆ, ಇದರ ಗೋತ್ರ ನಿಮ್ಮದಲ್ಲ ಎಂದು ತೀರ್ಪು ಕೊಟ್ಟರು. ಹಾಗಾದರೆ ಇದರ ಗೋತ್ರ ಯಾವುದು ಎಂದು ಅಜ್ಜಿ ಬಿಡದೆ ಕೇಳಿದರು. ಪುರೋಹಿತರು ಮತ್ತೆ ಭರಣಿಯೊಳಗೆ ಬಗ್ಗಿದರು. ಮಾವ ಮೂಲೆಯಿಂದ, ಭಗವಂತ ಮೊದಲು ಎತ್ತಿದ್ದೇ ಮತ್ಸ್ಯಾವತಾರ ಅಲ್ಲವೇ, ದೊಡ್ಡ ಮನೆತನವೇ ಇರಬೇಕು ಎಂದು ಸೇರಿಸಿದ. ಅಜ್ಜಿ ಆವತ್ತು ಮರಿಗಳಿಗೆ ದೃಷ್ಟಿಯಾಗದಿರಲಿ ಎಂದು ಭರಣಿಯ ಗಾಜಿಗೆ ಕಾಡಿಗೆಯ ಬೊಟ್ಟು ಇಟ್ಟರು. ಆ ಅಭ್ಯಾಸವನ್ನು ಮಾವ ಕೊನೆಯವರೆಗೂ ಬಿಡಲಿಲ್ಲ.

ಗಪ್ಪಿ ಕೈಗೆ ಹತ್ತಿದ ಮೇಲೆ ಫೈಟರ್ ಅನ್ನುವ ಇನ್ನೊಂದು ಜಾತಿಯ ಮೀನು ಬಂತು. ಮದರಾಸಿನಿಂದ ಒಂದು ಗಾಡಿಯ ಗಾರ್ಡಿನ ಕೈಯಿಂದ ಇನ್ನೊಂದು ಗಾಡಿಯ ಗಾರ್ಡಿನ ಕೈಗೆ ದಾಟುತ್ತ ಪೆಪ್ಪರಮಿಂಟಿನ ಭರಣಿಯಲ್ಲಿ ಒಂದು ಜೋಡಿ ಬಂದಿಳಿಯಿತು. ಗಂಡಿನ ರೆಕ್ಕೆ ರೇಷ್ಮೆ ಸೀರೆಯ ಸೆರಗಿನ ಹಾಗೆ. ಆದರೆ ಸ್ವಭಾವ? ಇನ್ನೊಂದು ಗಂಡನ್ನು ಕಂಡರೆ ಸಾಯುವವರೆಗೆ ಕಾದಾಡುತ್ತದೆ. ಹೆಣ್ಣನ್ನೂ ಜಾಸ್ತಿ ಹೊತ್ತು ಸಹಿಸುವುದಿಲ್ಲ. ಒಂಟಿಯಾಗಿಯೇ ಇಡಬೇಕು. ಅದರ ಎದುರು ಕನ್ನಡಿ ಹಿಡಿದರೆ ರೆಕ್ಕೆಯನ್ನೆಲ್ಲ ಬಿಚ್ಚಿ ಕುಣಿಯುತ್ತಿತ್ತು. ನಾನು ಹಿಡಿದೇ ಇದ್ದರೆ ಮಾವ ಕನ್ನಡಿ ಕಿತ್ತುಕೊಳ್ಳುತ್ತಿದ್ದ. "ಸಾಕು ಬಿಡೇ. ಯಾರೋ ಬಂದ್ರು ಅಂದ್ಕೊಂಡ್ಬಿಡುತ್ತೆ, ಪಾಪ" ಎನ್ನುತ್ತಿದ್ದ.

ಈ ಫೈಟರಿನ ಸಂಸಾರದಲ್ಲಿ ಒಂದು ವಿಚಿತ್ರವಿದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ; ಬಾಣಂತನವೆಲ್ಲ ಗಂಡಿನದು! ಬಾಯಿಂದ ನೊರೆ ಬಿಟ್ಟು ಬಿಟ್ಟು ನೀರಿನ ಮೇಲೊಂದು ಗೂಡು ಕಟ್ಟುತ್ತದೆ. ಮೊಟ್ಟೆಗಳನ್ನು ಆರಿಸಿ ತಂದು ಆ ನೊರೆಯಲ್ಲಿ ಇಡುತ್ತದೆ. ಒಂದು ಕೆಳಗೆ ಜಾರಿದರೆ ಓಡಿಹೋಗಿ ಬಾಯಲ್ಲಿ ಹಿಡಿದು ಮತ್ತೆ ಮೇಲಿಡುತ್ತದೆ. ಮರಿ ಈಜಲು ಕಲಿಯುವವರೆಗೂ ಮೇವಿನ ಕಡೆ ಮುಖ ಹಾಕುವುದಿಲ್ಲ. ಮಾವ ಅದನ್ನು ನೋಡುತ್ತ ತನ್ನ ಊಟವನ್ನೂ ಮರೆಯುತ್ತಿದ್ದ. ನೋಡು, ಗಂಡಸಿನ ಕೈಲಿ ಆಗಲ್ಲ ಅಂತಾರೆ, ಎಂದು ಒಂದೇ ಮಾತನ್ನು ಎಷ್ಟು ಸಲ ಹೇಳಿದ್ದನೋ.

ಆದರೆ ಮರಿಗಳು ಉಳಿಯುತ್ತಿರಲಿಲ್ಲ. ಅವು ಸ್ವಲ್ಪ ದೊಡ್ಡವಾದ ಮೇಲೆ ನೀರಿನಿಂದ ಮುಖವೆತ್ತಿ ಗಾಳಿ ಕುಡಿಯಲು ಶುರುಮಾಡುತ್ತವೆ. ಆ ಗಾಳಿ ತಣ್ಣಗಿದ್ದರೆ ಮುಗಿಯಿತು, ಒಂದೇ ಬೆಳಗಿಗೆ ಎಲ್ಲವೂ ತಳ ಸೇರುತ್ತವೆ. ಮಾವ ಗಾಜು ಮುಚ್ಚಿದ, ಲಾಂದ್ರ ಹಚ್ಚಿಟ್ಟ, ಕಂಬಳಿಯ ಮೇಲೆ ಕಂಬಳಿ ಹೊದಿಸಿದ. ವರ್ಷ ವರ್ಷ ಗಂಡು ಗೂಡು ಕಟ್ಟುವುದು, ವರ್ಷ ವರ್ಷ ಮರಿಗೆ ಶೀತ ಹೊಡೆಯುವುದು. ಅವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ, ಒಂದು ಸೂಲಿನ ಫೈಟರ್ ಮರಿಗಳಾದರೂ ಬಣ್ಣ ಬರುವವರೆಗೆ ಬದುಕಬೇಕು. ಮರಿ ಸತ್ತ ದಿನ ಟಿಕೆಟ್ ಕೊಡುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೀನಿಗೆ ಇಷ್ಟು ದುಃಖವೇ ಎಂದು ಊರು ನಗುತ್ತಿತ್ತು, ನಾನೂ ನಕ್ಕಿದ್ದೇನೆ.

ಅಷ್ಟರಲ್ಲಿ ನಾನು ದೊಡ್ಡವಳಾಗಿ, ಅಜ್ಜಿ ತೀರಿಕೊಂಡು, ತರೀಕೆರೆಗೆ ನನ್ನನ್ನು ಮದುವೆ ಮಾಡಿ ಕೊಟ್ಟಿದ್ದೂ ಆಯಿತು. ಕಡೂರಿನ ಮನೆಯಲ್ಲಿ ಉಳಿದವರು ಅಪ್ಪ ಒಬ್ಬರೇ. ಯಜಮಾನರು ತಾಲ್ಲೂಕು ಕಛೇರಿಯಲ್ಲಿದ್ದರು. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಒರಟು. ನಾನು ಬಸುರಿಯಾದಾಗ, ತವರಿಲ್ಲದ ಹುಡುಗಿ, ಬಾಣಂತನವೂ ನಮ್ಮ ತಲೆಗೇ ಬಂತು ಎಂದು ನೆರೆಯವರ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಸೀಮಂತದ ದಿನ ಮಾವ ಬಂದ. ಈ ಸಲ ಕೈಯಲ್ಲಿ ಭರಣಿ ಇರಲಿಲ್ಲ. ಎಲ್ಲರ ಊಟವಾದ ಮೇಲೆ ಅತ್ತೆಯ ಮುಂದೆ ಕೈಕಟ್ಟಿ ನಿಂತು, ಹುಡುಗಿಯನ್ನು ಹೆರಿಗೆಗೆ ಕರೆದುಕೊಂಡು ಹೋಗುತ್ತೇನೆ ಅಂದ. ಹೆಂಗಸರಿಲ್ಲದ ಮನೆಯಲ್ಲಿ ಬಾಣಂತನ ಯಾರು ಮಾಡುತ್ತಾರೆ ಎಂದು ಅತ್ತೆ ಕೇಳಿದರು. ಅದೇ ಪ್ರಶ್ನೆಯನ್ನು ಎಷ್ಟೋ ವರ್ಷದ ಹಿಂದೆಯೂ ಅವನಿಗೆ ಕೇಳಿದ್ದರಲ್ಲ! ಈ ಸಲ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ.

"ನಾನೇ ಮಾಡ್ತೀನಿ ಅಮ್ಮಾ" ಅಂದ. "ನನಗೆ ಅಭ್ಯಾಸ ಇದೆ."

ನೆರೆದ ಹೆಂಗಸರು ಸೆರಗಿಗೆ ಬಾಯಿಟ್ಟು ನಕ್ಕರು. ಅತ್ತೆಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಅನ್ನುವುದು ಕಷ್ಟ. ಆಗಲಿ, ಆದರೆ ಏನಾದರೂ ಹೆಚ್ಚುಕಡಿಮೆಯಾದರೆ ನೋಡಿ ಎಂದು ಒಪ್ಪಿದರು.

ಅಜ್ಜಂಪುರದ ಆ ಎರಡು ಕೋಣೆಯ ಕ್ವಾರ್ಟರ್ಸಿಗೆ ಹೋದರೆ ನನಗೊಂದು ಸಮಾಚಾರ ಕಾದಿತ್ತು. ಫೈಟರ್ ಮರಿಗಳು ಬದುಕಿದ್ದವು! ಒಳಕೋಣೆಯ ಒಂದು ಗೋಡೆಯ ಆಚೆಗೆ ಬಚ್ಚಲು. ಅಲ್ಲಿ ಹಂಡೆಯ ಒಲೆ ಉರಿದರೆ ಈಚೆ ಗೋಡೆ ದಿನವೆಲ್ಲ ಬೆಚ್ಚಗಿರುತ್ತಿತ್ತು. ಇಷ್ಟು ವರ್ಷ ಕಾಣದ್ದು ಆ ಮಾಗಿಯಲ್ಲಿ ಮಾವನಿಗೆ ಕಂಡಿತ್ತು. ತೊಟ್ಟಿಯನ್ನು ಆ ಗೋಡೆಗೆ ಒತ್ತಿ ಇಟ್ಟಿದ್ದ. ಎಳ್ಳಿನ ಸಾಲು ಎದ್ದು ಓಡಾಡಿದಂತೆ ಮರಿಗಳು. ಇನ್ನು ಸ್ವಲ್ಪ ದಿನಕ್ಕೆ ಬಣ್ಣ ಬರುತ್ತದೆ, ನಿನ್ನ ಮಗು ಕಣ್ಣು ಬಿಡುವ ಹೊತ್ತಿಗೆ ಇವುಗಳ ಬಣ್ಣ ನೋಡಬಹುದು ಎಂದು ನನ್ನನ್ನು ಕೂರಿಸಿ ತೋರಿಸಿದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪುಷ್ಯದ ಚಳಿಯಲ್ಲೇ ಆಸ್ಪತ್ರೆಯಲ್ಲಿ ನನಗೆ ಹೆಣ್ಣು ಮಗುವಾಯಿತು. ಮನೆಗೆ ಬಂದಾಗ ಬೆಚ್ಚನೆಯ ಗೋಡೆಯ ಪಕ್ಕ ನನ್ನ ಹಾಸಿಗೆ, ಅದಕ್ಕೆ ತಾಗಿ ತೊಟ್ಟಿಲು. ಮೀನಿನ ತೊಟ್ಟಿಯೆಲ್ಲಿ ಎಂದು ಕೇಳಿದೆ. ಸಾಂಬ್ರಾಣಿ ಹೊಗೆ ಅವಕ್ಕೆ ಆಗುವುದಿಲ್ಲ, ಮುಂದಿನ ಕೋಣೆಗೆ ಸಾಗಿಸಿದೆ ಅಂದ.

ಆಮೇಲೆ ಶುರುವಾಯಿತು ನೋಡಿ, ನನ್ನ ಬಾಣಂತನ! ಕಿಟಕಿಯ ಸಂದಿಗೆ ಟಿಕೆಟ್ ರಟ್ಟು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬೆಳಿಗ್ಗೆ ಬೀಬಮ್ಮ ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕಿ, ನನಗೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಸುರಿಯುತ್ತಿದ್ದರು. ಈ ಸಂಗತಿಯನ್ನು ನಾವು ಯಾರೂ ಅತ್ತೆಗೆ ಹೇಳಲು ಹೋಗಲಿಲ್ಲ. ಮಾವ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಮಾಡಿ, ಗಾಡಿಯ ಗಂಟೆ ಹೊಡೆದ ಕೂಡಲೇ ಸೌಟು ಕೈಯಲ್ಲೇ ಹಿಡಿದು ಸ್ಟೇಷನ್ನಿಗೆ ಓಡುತ್ತಿದ್ದ. ಒಂದು ಸಲ ಬೀರೂರಿಗೆ ಟಿಕೆಟ್ ಕೇಳಿದವರಿಗೆ ಬೆಳ್ಳುಳ್ಳಿ ವಾಸನೆಯ ಟಿಕೆಟ್ಟೇ ಸಿಕ್ಕಿತಂತೆ. ನನ್ನನ್ನು ನೋಡಲು ಅತ್ತೆ ಬಂದು ಬಾಗಿಲಲ್ಲಿ ನಿಂತಾಗ, "ಬಾಗ್ಲು ಹಾಕ್ರೀ, ಶೀತ ಗಾಳಿ" ಎಂದು ಅವರನ್ನೇ ಗದರಿಸಿಬಿಟ್ಟ. ಅತ್ತೆ ಬಾಗಿಲು ಹಾಕಿದರು.

ಸಂಜೆ ಮಾವ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಮೀನಿನ ವರದಿ ಒಪ್ಪಿಸುತ್ತಿದ್ದ. ಒಂದಕ್ಕೆ ಕೆಂಪು ಬಂದಿದೆ. ಒಂದು ನೀಲಿ. ಒಂದು ಬಲು ಜಗಳಗಂಟಿ, ಉಳಿದವುಗಳ ಬಾಲ ಕಚ್ಚುತ್ತದೆ, ಥೇಟು ನಿಮ್ಮ ಅತ್ತೆ. ನಾನು ಹತ್ತಿ ತೆಗೆದು ಕೇಳಿ ನಗುತ್ತಿದ್ದೆ. ಹೊರಗೆ ಬಂದು ನೋಡುತ್ತೇನೆ ಅಂದರೆ, ಬಾಣಂತಿ ಹೊಸಿಲು ದಾಟಬಾರದು ಎಂದು ಕಣ್ಣು ಬಿಡುತ್ತಿದ್ದ.

ತಿಂಗಳು ಕಳೆದು, ಯಜಮಾನರು ಕರೆದೊಯ್ಯಲು ಬರುವ ದಿನ ಬಂತು. ಮಾವ ಸ್ಟೇಷನ್ನಿನಲ್ಲಿದ್ದ. ಮಗುವಿಗೆ ಬಣ್ಣದ ಮೀನು ತೋರಿಸೋಣವೆಂದು ಎತ್ತಿಕೊಂಡು ಮುಂದಿನ ಕೋಣೆಗೆ ಬಂದೆ. ಕಿಟಕಿಯ ಕೆಳಗೆ ತೊಟ್ಟಿ ಇತ್ತು. ಗಾಜಿನ ಮೇಲೆ ಕಾಡಿಗೆಯ ಬೊಟ್ಟು. ನೀರು ತಿಳಿಯಾಗಿತ್ತು. ಅದರಲ್ಲಿ ಆ ಗಂಡು ಮೀನೊಂದೇ ಅಲುಗಾಡದೆ ನಿಂತಿತ್ತು. ಗಾಜಿನ ಮೇಲೆ ಕೈಯಿಟ್ಟರೆ ಹಿಮದ ಹಾಗೆ ಕೊರೆಯಿತು.

ಮಗುವಿನ ಬಟ್ಟೆ ಮಡಿಸುತ್ತಿದ್ದ ಬೀಬಮ್ಮ ತಲೆಯೆತ್ತಿದರು. "ನೀ ಆಸ್ಪತ್ರೆಯಿಂದ ಬಂದ ವಾರಾನೇ ಎಲ್ಲ ಹೋದ್ವು ಬೇಟಿ" ಅಂದರು. "ನಿನಗೆ ಹೇಳ್ಬೇಡಿ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ದ."

ಮಾವ ಬಂದಾಗ ನಾನು ಅಲ್ಲೇ ಕೂತಿದ್ದೆ. ನನ್ನ ಮುಖ, ತೊಟ್ಟಿ ಎರಡನ್ನೂ ನೋಡಿದ. ಹಾಗಾದರೆ ಆ ಕೆಂಪು, ಆ ನೀಲಿ, ಆ ಜಗಳಗಂಟಿ ಎಂದು ಕೇಳಿದೆ. ಅವನು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ತಲೆಯ ಟೋಪಿ ಕಿವಿಯವರೆಗೆ ಎಳೆದ.

"ಬೆಚ್ಚಗಿರೋ ಗೋಡೆ ಒಂದೇ ಇದ್ದಿದ್ದು ಕಣೇ" ಅಂದ. ಟೋಪಿಯ ದಾರ ಕಟ್ಟುತ್ತ, "ನಿಮ್ಮಮ್ಮನಿಗೆ ಅದೂ ಇರ್ಲಿಲ್ಲ" ಅಂದ.

ಅಷ್ಟು ವರ್ಷ ಕಂಬಳಿ ಸುತ್ತಿದ್ದು, ಸಂದಿ ಮುಚ್ಚಿದ್ದು, ಬಾಗಿಲು ಹಾಕಿ ಎಂದು ಊರಿಗೆಲ್ಲ ಗದರಿದ್ದು ಯಾರಿಗಾಗಿ ಎಂದು ಆಗ ನನಗೆ ತಿಳಿಯಿತು. ನಾನು ಅತ್ತುಬಿಟ್ಟೆ. ಈ ಸಲ ಹೊಗೆ ಇರಲಿಲ್ಲ.

ಹೊರಡುವಾಗ ಮಾವನೇ ನನಗೆ ಮಡಿಲು ತುಂಬಿದ. ಅದು ಮುತ್ತೈದೆಯರು ಮಾಡುವ ಕೆಲಸ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು, ತವರಿಂದ ಹೋಗುವವಳಿಗೆ ಇನ್ನೂ ಏನಾದರೂ ಕೊಡಬೇಕು ಎಂದು ಒಂದು ಸಣ್ಣ ಭರಣಿಯಲ್ಲಿ ತನ್ನಲ್ಲಿ ಉಳಿದಿದ್ದ ಒಂದು ಜೋಡಿ ಗಪ್ಪಿಯನ್ನು ತಂದು ಸೆರಗಿನಲ್ಲಿಟ್ಟ. ಗಾಡಿ ಹೊರಟ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಉಳಿದವನು ಅವನೊಬ್ಬನೇ. ಅವನು ಇನ್ನು ಮನೆಗೆ ಹೋಗಿ, ಮಣೆ ಎಳೆದುಕೊಂಡು, ಆ ಒಂಟಿ ಗಂಡು ಮೀನಿನ ಎದುರು ಉಣ್ಣಲು ಕೂರುತ್ತಾನೆ ಎಂದು ನೆನೆದು ಬೀರೂರಿನವರೆಗೂ ನಾನು ತಲೆಯೆತ್ತಲಿಲ್ಲ.

ತರೀಕೆರೆಯಲ್ಲಿ ಅತ್ತೆ ಆರತಿ ಎತ್ತಿ, ಮಗುವನ್ನು ಇಳಿಸಿಕೊಂಡು, ನನ್ನ ಮಡಿಲನ್ನು ನೋಡಿದರು. ಕಾಯಿ, ಬೆಲ್ಲದ ನಡುವೆ ಭರಣಿಯಲ್ಲಿ ಏನೋ ಮಿಣಕ್ಕೆಂದಿತು. ಇದೇನೇ ಇದು ಎಂದು ಕೇಳಿದರು.

"ನಮ್ಮ ತವರಲ್ಲಿ ಕೊಟ್ಟಿದ್ದು" ಅಂದೆ. ಹುಟ್ಟಿದಾಗಿನಿಂದ ಆ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ.